ಕರ್ತವ್ಯದ ಮೇಲಿದ್ದಾಗ

ಲಾರ್ನಕಾ
ಫೆಬ್ರವರಿ 1961

ಪ್ರೀತಿಯ ಲೋಯಿಜೊ,

ನಿನ್ನ ಮದುವೆಯಲ್ಲಿ ಆಪ್ತಗೆಳೆಯನಾಗಿ ನಿಂತು, ನಮ್ಮ ಪದ್ಧತಿಯಂತೆ ನಿಮ್ಮಿಬ್ಬರ ತಲೆಯ ಮೇಲಿನ ಕಿರೀಟಗಳನ್ನು ಅದಲುಬದಲು ಮಾಡಿದವನು ನಾನು. ಆ ಸಲುಗೆಯಿಂದಲೇ ಬರೆಯುತ್ತಿದ್ದೇನೆ. ಲಂಡನ್ನಿಗೆ ಹಾಕಿದ ಹಿಂದಿನ ಎರಡು ಕಾಗದಗಳಿಗೆ ನೀನು ಉತ್ತರಿಸಲಿಲ್ಲ. ಇದಕ್ಕೂ ಉತ್ತರಿಸಬೇಕೆಂದಿಲ್ಲ.

ನಮ್ಮ ದ್ವೀಪವನ್ನು ಬ್ರಿಟಿಷರು ಆಳುತ್ತಿದ್ದಾಗ, ಅವರ ವಿರುದ್ಧ ಬಾಂಬ್ ಸಿಡಿಯುತ್ತಿದ್ದಾಗ, ನೀನು ಅವರ ಪೊಲೀಸು. ನಾನು ಗಾಯಾಳು ಪೊಲೀಸರ ಪಿಂಚಣಿ ತೀರ್ಮಾನಿಸುವ ಮಂಡಳಿಯ ವೈದ್ಯ. ಕಾಫಿ ಅಂಗಡಿಯಲ್ಲಿ ನೀನು ಕೂತರೆ ಸುತ್ತಲಿನವರು ಎದ್ದು ಹೋಗುತ್ತಿದ್ದ ಕಾಲ ಅದು. ನಾನೂ ಬಾಗಿಲಿನಿಂದಲೇ ತಲೆಯಾಡಿಸಿ ದಾಟಿಹೋಗುತ್ತಿದ್ದೆ.

ಆ ಶನಿವಾರ ನಿನಗೆ ರಜೆ. ಹಳೆಯ ಅಂಗಿ ತೊಟ್ಟು ಆಲಿವ್ ಕೊಳ್ಳಲು ಸಂತೆಗೆ ಬಂದಿದ್ದೆ. ಸೊಪ್ಪು ಮಾರುವ ಮರಿಕ್ಕೂ ಅಜ್ಜಿಯ ಬುಟ್ಟಿಗಳ ಹಿಂದೆ ಯಾರೋ ಬಾಂಬ್ ಇಟ್ಟಿದ್ದರು. ನೀನು ಅವಳನ್ನು ಅತ್ತ ತಳ್ಳಿ ಅವಳ ಮೇಲೆ ಬಿದ್ದೆ. ಅವಳು ಉಳಿದಳು. ನಿನ್ನ ಬಲಗೈ ಹೋಯಿತು.

ಮಂಡಳಿಯ ಬ್ರಿಟಿಷ್ ಅಧ್ಯಕ್ಷರು ಕೇಳಿದ್ದು ಒಂದೇ ಪ್ರಶ್ನೆ, ಕರ್ತವ್ಯದ ಮೇಲಿದ್ದೆಯಾ ಎಂದು. ಇದ್ದರಷ್ಟೇ ಪಿಂಚಣಿ. ನಾನು ನಮ್ಮ ಭಾಷೆಯಲ್ಲಿ ಪಿಸುಗುಟ್ಟಿದೆ: "ಹೂಂ ಅನ್ನೋ ಮಾರಾಯ. ಪೊಲೀಸಿನವನಿಗೆ ಎಲ್ಲಿಯ ರಜೆ?"

"ಇಲ್ಲ ಸ್ವಾಮಿ," ಎಂದೆ ನೀನು ಅವರಿಗೆ. "ಆಲಿವ್ ತಗೊಳ್ಳೋಕೆ ಹೋಗಿದ್ದೆ."

ಹೊರಗೆ ಬೆಂಚಿನ ಮೇಲೆ ನಿನ್ನ ಥೆಕ್ಲಾ ಕಾಯುತ್ತಿದ್ದಳು. ನೀನು ಹೋದ ಮೇಲೆ, ಆಘಾತದಿಂದ ಇವನ ನೆನಪು ಕಲಸಿಹೋಗಿದೆ, ಸಂತೆಯ ಮೇಲೆ ಕಣ್ಣಿಡಲೆಂದೇ ಮಫ್ತಿಯಲ್ಲಿ ಬಂದಿದ್ದ ಎಂದು ಬರೆದು ಸಹಿ ಹಾಕಿದೆ. ಪಿಂಚಣಿ ಮಂಜೂರಾಯಿತು. ನಿನಗೆ ಒಳ್ಳೆಯದು ಮಾಡಿದೆನೆಂದು ಹಿಗ್ಗಿದೆ.

ವಾರದೊಳಗೆ ಸುದ್ದಿ ಊರೆಲ್ಲ ಹಬ್ಬಿತು. ಅಜ್ಜಿಯನ್ನು ಉಳಿಸಿದೆಯೆಂದು ಅಂದಿನಿಂದ ನಿನ್ನ ಮನೆಗೆ ಮೊಟ್ಟೆ, ಬ್ರೆಡ್ಡು ಕಳಿಸುತ್ತಿದ್ದವರು ನಿಲ್ಲಿಸಿಬಿಟ್ಟರು. "ಬೇಹುಗಾರಿಕೆಗೆ ಬಂದಿದ್ನಂತೆ. ಮುದುಕಿ ಅಡ್ಡ ಸಿಕ್ಕಿದ್ಲು, ಅಷ್ಟೇ," ಎಂದು ಕಾಫಿ ಅಂಗಡಿಯ ಪಿಯೆರಿಸ್ ನಕ್ಕ. ನೀನು ನನ್ನ ದವಾಖಾನೆಗೆ ಬಂದೆ, ಕೂರಲಿಲ್ಲ.

"ಹದಿನೈದು ವರ್ಷದ ನೌಕರಿಯಲ್ಲಿ ಒಂದು ದಿನ ನಾನು ಈ ಊರಿನವನಾಗಿದ್ದೆ, ಎವಗೊರ. ಅದನ್ನೂ ನೀನು ಬ್ರಿಟಿಷರಿಗೆ ಕೊಟ್ಟುಬಿಟ್ಟೆ."

ತಿಂಗಳೊಳಗೆ ನೀವು ಹಡಗು ಹತ್ತಿದಿರಿ. ನಾನು ಬಾಯಿ ಬಿಡಲಿಲ್ಲ. ನಿಜ ಹೇಳಿದರೆ ನಿನ್ನ ಪಿಂಚಣಿ ನಿಲ್ಲುತ್ತದೆಂದು ನೆಪ ಹೇಳಿಕೊಂಡೆ. ಅಸಲಿಗೆ ನನಗೆ ಹೆದರಿಕೆಯಿತ್ತು.

ಮೊನ್ನೆ ಮರಿಕ್ಕೂ ಅಜ್ಜಿ ಮಂಡಿನೋವೆಂದು ಬಂದಳು. ಅವಳಿಗೆ ಎಲ್ಲ ಹೇಳಿದೆ. ಅವಳಿಗೆ ಅಚ್ಚರಿಯೇ ಆಗಲಿಲ್ಲ.

"ಗೊತ್ತು. ಕೈ ಹರಿದುಹೋಗಿತ್ತು, ಆದ್ರೂ 'ಅಜ್ಜಿ, ನಿಂಗೆ ಪೆಟ್ಟಾಯ್ತಾ?' ಅಂತ ನನ್ನ ಕೇಳ್ದ. ಅವತ್ತಿಂದ ಹೇಳ್ತಾನೇ ಇದೀನಿ. ನನ್ನ ಮಾತು ಯಾರು ಕೇಳಿಸ್ಕೋತಾರೆ?"

ಅವಳ ತೋಳು ಹಿಡಿದುಕೊಂಡು ಕಾಫಿ ಅಂಗಡಿಗೆ ಹೋದೆ. ನಾನು ಬರೆದದ್ದು ಸುಳ್ಳೆಂದು ಎಲ್ಲರೆದುರು ಹೇಳಿದೆ. ಇಸ್ಪೀಟು ಆಡುತ್ತಿದ್ದವರು ಕೈ ತಡೆದರು. ಪಿಯೆರಿಸ್ ಮಾತ್ರ ಕೇಳಿದ: "ಅವನು ಇಲ್ಲಿದ್ದಾಗ ಯಾಕೆ ಹೇಳಲಿಲ್ಲ, ಡಾಕ್ಟ್ರೇ?"

ಹೆದರಿದ್ದೆ ಎಂದೆ, ಲೋಯಿಜೊ. ನಿನಗೂ ಅದನ್ನೇ ಹೇಳುತ್ತಿದ್ದೇನೆ.

ಅಲ್ಲಿ ಚಳಿ ಹೆಚ್ಚು. ಗಾಯದ ಜಾಗಕ್ಕೆ ಉಣ್ಣೆ ಸುತ್ತಿಕೋ. ಥೆಕ್ಲಾಳನ್ನೂ ನಿನ್ನನ್ನೂ ದೇವರು ಚೆನ್ನಾಗಿಟ್ಟಿರಲಿ.

ನಿನ್ನವನೆಂದು ಹೇಳಿಕೊಳ್ಳಲು ತಡಮಾಡಿದ,
ಎವಗೊರಸ್