ಎರಡನೆಯ ಸೂಜಿ

ಗುರುವಾರ, ಜೂನ್ ೧೨

ಮುದ್ದು ಮಗಳೇ,

ನಿನ್ನ ಪತ್ರ ಬಂದು ಎಂಟು ದಿನವಾಯಿತು. ತಡವಾದದ್ದಕ್ಕೆ ಮುನಿಸಿಕೊಳ್ಳಬೇಡ. ಹೇಗೆ ಹೇಳಲಿ ಎಂದು ಪೆನ್ನು ಹಿಡಿದು ಕೂತದ್ದೇ ಬಂತು.

ಮೊದಲ ಸೂಜಿಗೆ ಮಗುವಿಗೆ ಜ್ವರ ಬಂತು, ಎರಡನೆಯದನ್ನು ಸ್ವಲ್ಪ ಬೆಳೆದ ಮೇಲೆ ಹಾಕಿಸುತ್ತೇನೆ ಎಂದಿದ್ದೀಯ. "ಇಷ್ಟು ಪುಟ್ಟ ಮೈ ತಡ್ಕೊಳ್ಳುತ್ತಾ ಅಮ್ಮಾ?" ಎಂದೂ ಕೇಳಿದ್ದೀಯ. ತಡೆದುಕೊಳ್ಳುತ್ತದೆ ಕಣೇ. ಹುಟ್ಟಿದ ಗಳಿಗೆಯಿಂದ ಅದು ಸಾವಿರಾರು ರೋಗಾಣುಗಳ ನಡುವೆಯೇ ಬದುಕುತ್ತಿದೆ. ಲಸಿಕೆಯಲ್ಲಿರುವವನು ಕೈಕಾಲು ಕಟ್ಟಿಹಾಕಿದ ಕಳ್ಳ. ಮೈ ಅವನ ಮುಖ ನೋಡಿ ಗುರುತಿಟ್ಟುಕೊಳ್ಳುತ್ತದೆ, ಆ ಗಡಿಬಿಡಿಯಲ್ಲಿ ಒಂದಿಷ್ಟು ಬಿಸಿಯಾಗುತ್ತದೆ. ಒಂದೇ ಸಲ ನೋಡಿದ ಮುಖ ಸರಿಯಾಗಿ ನೆನಪುಳಿಯುವುದಿಲ್ಲ, ಅದಕ್ಕೇ ಎರಡನೆಯದು, ಮೂರನೆಯದು. ಬಸುರಿನಲ್ಲಿ ನೀನು ಕೊಟ್ಟ ರಕ್ಷಣೆ ಕೆಲವೇ ತಿಂಗಳಲ್ಲಿ ಕರಗುತ್ತದೆ. ಅಷ್ಟರೊಳಗೆ ಅದು ತನ್ನದನ್ನು ಕಟ್ಟಿಕೊಳ್ಳಬೇಕು.

ನಿನ್ನ ಪತ್ರ ಓದಿ ನಾನು ನರ್ಸಾಗಿದ್ದ ಆಸ್ಪತ್ರೆಯ ಚುಚ್ಚುಮದ್ದಿನ ಕೋಣೆ ಕಣ್ಣ ಮುಂದೆ ಬಂತು. ಬುಧವಾರ ಬೆಳಿಗ್ಗೆ ಉದ್ದ ಬೆಂಚಿನ ತುಂಬ ತಾಯಂದಿರು. ಒಂದು ಮಗು ರಾಗ ತೆಗೆದರೆ ಸಾಕು, ಉಳಿದವೆಲ್ಲ ಸೇರಿಕೊಳ್ಳುತ್ತಿದ್ದವು. ಒಬ್ಬ ಅಜ್ಜಿ, "ನಿನ್ನ ಕೈ ಸೇದಿಹೋಗ, ಮೆಲ್ಲಗೆ ಚುಚ್ಚಬಾರದೇನೇ?" ಎಂದು ಶಪಿಸಿ, ಹೋಗುವಾಗ ನನ್ನ ಗಲ್ಲ ಸವರುತ್ತಿದ್ದರು. ಮೊನ್ನೆ ಬಸ್ಸಿನಲ್ಲಿ ಹುರಿಮೀಸೆಯ ಕಂಡಕ್ಟರ್ ನನಗೆ ಸೀಟು ಬಿಡಿಸಿಕೊಟ್ಟು, "ನನ್ನ ತೊಡೆಗೆ ಚುಚ್ಚಿದ್ದು ನೀವೇ ಅಂತೆ, ಅಮ್ಮ ಇನ್ನೂ ಹೇಳ್ತಾರೆ" ಎಂದು ನಕ್ಕ. ಆ ಕೋಣೆಗೆ ಒಮ್ಮೆ ಹೋಗಿ ಕೂತು ಬರೋಣ ಅನ್ನಿಸಿತು.

ಬರುವ ವಾರವೇ ಮಗುವನ್ನು ಕರೆದುಕೊಂಡು ಹೋಗು. ಮೈ ಬಿಸಿಯಾದರೆ ಮತ್ತೆ ಮತ್ತೆ ಹಾಲು ಕುಡಿಸು, ತೆಳು ಬಟ್ಟೆ ಹಾಕು, ಜಾಸ್ತಿಯಾದರೆ ಡಾಕ್ಟರಿಗೆ ತೋರಿಸು. ಅಳಿಯಂದಿರಿಗೆ ಆಶೀರ್ವಾದ, ಮಗುವಿನ ಅಂಗಾಲಿಗೊಂದು ಮುತ್ತು. ಮೂವರೂ ನಗುನಗುತ್ತಾ ಇರಿ.

ನಿನ್ನ ಅಮ್ಮ

ತಾ.ಕ.: ನಿನಗಿಂತ ಮುಂಚೆ ಹುಟ್ಟಿದ ನಿನ್ನ ಅಣ್ಣ ನಾಯಿಕೆಮ್ಮಿನಲ್ಲಿ ಹೋದ ಎಂದಷ್ಟೇ ಹೇಳಿದ್ದೇನೆ. ಅದನ್ನು ತಡೆಯುವ ಇದೇ ಎರಡನೆಯ ಸೂಜಿಗೆ ಅವನನ್ನು ಜೊತೆಯಲ್ಲೇ ಕೆಲಸಕ್ಕೆ ಕರೆದೊಯ್ದಿದ್ದೆ. ಅಂದು ಇದ್ದದ್ದು ಒಂದೇ ಸೀಸೆ, ಅದರಲ್ಲಿ ಹತ್ತು ಮಕ್ಕಳಿಗಾಗುವಷ್ಟು ಮದ್ದು, ಅವನು ಹತ್ತನೆಯವನು. ಅಷ್ಟರಲ್ಲಿ ದೂರದಿಂದ ನಡೆದುಬಂದ ಒಬ್ಬಳು ಮಗು ಎತ್ತಿಕೊಂಡು ಬಾಗಿಲಲ್ಲಿ ನಿಂತಳು. "ನಮ್ಮನೇದು ತಾನೇ, ಯಾವಾಗ ಬೇಕಾದ್ರೂ ಹಾಕ್ಬಹುದು" ಎಂದು ಅವಳ ಮಗುವಿಗೆ ಹಾಕಿದೆ. ಮುಂದಿನ ವಾರ ಇವನಿಗೆ ನೆಗಡಿ, ಅದರ ಮುಂದಿನ ವಾರ ನನಗೆ ಬಿಡುವಿಲ್ಲ. ಹೀಗೇ ಏಳು ವಾರ ಹೋಯಿತು. ಎಂಟನೆಯ ವಾರ ಅವನು ಕೆಮ್ಮತೊಡಗಿದ. ನಿನ್ನ ಅಪ್ಪನಿಗೆ ನಾನಿದನ್ನು ಹೇಳಲೇ ಇಲ್ಲ. ಸೂಜಿಗಳನ್ನೆಲ್ಲ ಹಾಕಿಸಿದ್ದರೂ ಮಗು ಉಳಿಯಲಿಲ್ಲವಲ್ಲ ಎಂದು ಅವರು ಕೊನೆಯವರೆಗೂ ಕೊರಗಿದರು.