ಬೂದಿಯ ಬಲಗಡೆ

ಸೆಪ್ಟೆಂಬರ್ 3, ಮಂಗಳವಾರ

ಐದೂವರೆಗೆ ಲಾಯ. ಹುಲ್ಲು, ನೀರು, ಗೊರಸು. ಏಳು ಕುದುರೆಗಳ ಇಪ್ಪತ್ತೆಂಟು ಗೊರಸು ಕೆರೆದು ಮುಗಿಸುವ ಹೊತ್ತಿಗೆ ಸೊಂಟ ನನ್ನದಲ್ಲ. ಒಂಬತ್ತಕ್ಕೆ ಅಣ್ಣ ಇಸ್ತ್ರಿ ಶರ್ಟಿನಲ್ಲಿ ಬಂದು "ಎಲ್ಲಾ ಆಯ್ತಾ?" ಎಂದ. ಆಗದೆ! ರೈಡಿಂಗ್ ಸ್ಕೂಲಿನ ಬೋರ್ಡಿನ ಮೇಲೆ ಅವನ ಹೆಸರು. ಜೀವಮಾನದಲ್ಲಿ ಅವನು ಹತ್ತಿ ಕೂತದ್ದು ನಾಲ್ಕು ಸಲ. ಕುದುರೆ ಕಂಡರೆ ಲೋಕಕ್ಕೆಲ್ಲ ಕಾಲುನೋವು, ಇವನಿಗೆ ಮಾತ್ರ ಕಾಲು ವಾಸಿಯಾಗಿ ಆಫೀಸ್ ಕಡೆ ಓಡುತ್ತಾನೆ.

ಅತ್ತಿಗೆಗೆ ಮೂರನೇ ಪಾಠ. ನಲವತ್ತಾರು ವಯಸ್ಸಿನಲ್ಲಿ ಸವಾರಿ ಕಲಿಯುವ ಹುಚ್ಚು. ಚೆನ್ನಾಗಿಯೇ ಕೂರುತ್ತಾರೆ. ಬೂದಿಯ ಮೇಲೆ ಕೂರಿಸಿದೆ — ಹನ್ನೊಂದು ವರ್ಷದ ಹೆಣ್ಣು ಕುದುರೆ, ಬೂದಿ ಬಣ್ಣ, ಲಾಯದಲ್ಲೇ ಸಾಧು.

ಬೂದಿ ಇವತ್ತು ಸ್ವಲ್ಪ ಮಂಕು. ಬಲಗಣ್ಣಲ್ಲಿ ನೀರು, ತೆಳ್ಳಗೆ ಪೊರೆ ಹಾಗೆ. ನೊಣ ಇರಬೇಕು. ನಾಳೆ ನೋಡಬೇಕು.

ಸೆಪ್ಟೆಂಬರ್ 9, ಸೋಮವಾರ

ಅಣ್ಣ ಹೊಸ ಟ್ರೇನರ್‌ನನ್ನು ತಂದಿದ್ದಾನೆ. ನನ್ನನ್ನು ಒಂದು ಮಾತು ಕೇಳಲಿಲ್ಲ. ಕೇಳಿದರೆ ಎಲ್ಲಿ ನಾನು ದೊಡ್ಡವಳಾಗಿಬಿಡುತ್ತೇನೋ. ಆಸಾಮಿಗೆ ಮೀಸೆಯೇ ಮುಕ್ಕಾಲು ಪಾಲು. ನಾನಂತೂ ಮೀಸೆ ಎಂದೇ ಕರೆಯುವುದು. ಸೊಂಟದಲ್ಲಿ ಚಾವಟಿ. ಬಂದವನೇ ಹೇಳಿದ: "ಕುದುರೆಗೆ ಯಜಮಾನ ಯಾರು ಅಂತ ಮೊದಲನೇ ದಿನಾನೇ ಗೊತ್ತಾಗ್ಬೇಕು ಅಕ್ಕ."

ಮೈಯೆಲ್ಲ ಉರಿಯಿತು. ಸುಮ್ಮನಿದ್ದೆ.

ಬೂದಿ ಗೇಟಿಗೆ ಬಲಭುಜ ತಗುಲಿಸಿಕೊಂಡಳು. ಎರಡನೇ ಸಲ. ಗೇಟಿನ ಕೀಲು ಜೋತಿದೆ. ಅಣ್ಣನಿಗೆ ಹೇಳಿ ಹೇಳಿ ಬಾಯಿ ನೋವು.

ಸೆಪ್ಟೆಂಬರ್ 14, ಶನಿವಾರ

ಇವತ್ತು ಸುಮ್ಮನಿರಲಿಲ್ಲ.

ಮೀಸೆ ಎಳೆಯ ಗಂಡು ಕುದುರೆಯನ್ನು ಮೂಲೆಗೆ ಒತ್ತಿ ಹಗ್ಗ ಜಗ್ಗುತ್ತಿದ್ದ. ಕಿವಿ ಹಿಂದಕ್ಕೆ ಅಂಟಿದೆ, ಬಾಲ ಬಿಗಿದಿದೆ, ಕಣ್ಣಿನ ಬಿಳಿ ಕಾಣುತ್ತಿದೆ. ಇಷ್ಟು ದೊಡ್ಡ ಅಕ್ಷರದಲ್ಲಿ ಬರೆದದ್ದನ್ನೂ ಓದಲು ಬರುವುದಿಲ್ಲವೇ! ಹೆದರಿದ ಕುದುರೆ ಮೊದಲು ಓಡಲು ನೋಡುತ್ತದೆ. ಓಡಲು ಜಾಗ ಕೊಡದಿದ್ದರೆ ಒದೆಯುತ್ತದೆ. ಅದು ಕೊಬ್ಬಲ್ಲ, ಭಯ.

ಹಗ್ಗ ಕಿತ್ತುಕೊಂಡೆ. "ಎಳೆದು ಕಲಿಸೋದಲ್ಲ, ಬಿಟ್ಟು ಕಲಿಸೋದು. ಅದು ಒಂದು ಹೆಜ್ಜೆ ನಿಮ್ಮ ಕಡೆ ಇಟ್ಟ ಕ್ಷಣ ಕೈ ಸಡಿಲ ಮಾಡಿ. ಆ ಸಡಿಲಾನೇ ಅದಕ್ಕೆ ಸಿಹಿ."

"ಹೀಗೆ ಮುದ್ದು ಮಾಡಿದ್ರೆ ತಲೆ ಮೇಲೆ ಕೂರ್ತವೆ ಅಕ್ಕ."

"ಕುದುರೆ ಮೇಲೆ ಕೂರೋದು ನಾವು. ನೆನಪಿರಲಿ."

ಅಪ್ಪ ಇದ್ದಿದ್ದರೆ ಇವನನ್ನು ಗೇಟಿನಾಚೆ ನಿಲ್ಲಿಸುತ್ತಿದ್ದರು. ಅಪ್ಪನ ಪಾಠ ನನಗೆ ಬಾಯಿಪಾಠ: ಮಾತಾಡುತ್ತ ಹೋಗು, ಬೆನ್ನ ಹಿಂದೆ ನಿಲ್ಲಬೇಡ, ಯಾವಾಗಲೂ ಎಡಗಡೆಯಿಂದ ಹೋಗು. ಜೀನು ಹಾಕುವುದು ಎಡಗಡೆ, ನಡೆಸುವುದು ಎಡಗಡೆ, ಹತ್ತುವುದು ಇಳಿಯುವುದು ಎಡಗಡೆ. ಈ ಲಾಯದಲ್ಲಿ ಐವತ್ತು ವರ್ಷದಿಂದ ಅದೇ.

ಸೆಪ್ಟೆಂಬರ್ 22, ಭಾನುವಾರ. ಆಸ್ಪತ್ರೆ, ಮಧ್ಯಾಹ್ನ 3

ಹೊರಗಿನ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ.

ಬೂದಿ ಅತ್ತಿಗೆಯನ್ನು ಒದ್ದಳು. ಬೂದಿ!

ಜೀನಿನ ಪಟ್ಟಿ ಬಿಗಿಯಬೇಕಿತ್ತು. ಬೂದಿಯನ್ನು ಕಂಬಕ್ಕೆ ಕಟ್ಟಿದ್ದೆ, ಎಡಗಡೆ ಹುಲ್ಲಿನ ಗಾಡಿ ನಿಂತಿತ್ತು. ಅತ್ತಿಗೆ ಕೇಳಿದರು: "ಇಲ್ಲಿ ಗಾಡಿ ಅಡ್ಡ ಇದೆಯಲ್ಲೇ, ಎಲ್ಲಿಂದ ಹೋಗ್ಲಿ?" ನಾನು ಇನ್ನೊಂದು ಕುದುರೆಯ ಗೊರಸು ಹಿಡಿದು ಬಗ್ಗಿದ್ದೆ. ತಲೆ ಎತ್ತಲೂ ಇಲ್ಲ. "ಬಲಗಡೆಯಿಂದ ಹೋಗಿ ಅತ್ತಿಗೆ. ಬೂದಿ ಏನೂ ಮಾಡಲ್ಲ."

ಅವರು ಹೋದದ್ದು ನನಗೇ ಕೇಳಿಸಲಿಲ್ಲ, ಅಷ್ಟು ಮೆತ್ತಗಿನ ಹೆಜ್ಜೆ. ಬೂದಿಯ ಹೊಟ್ಟೆಯ ಮೇಲೆ ಕೈ ಇಟ್ಟಿರಬೇಕು. ಹಿಂಗಾಲು ಪಕ್ಕೆಗೆ ಬಿತ್ತು. ಕಂಬಕ್ಕೆ ಹೋಗಿ ಬಡಿದರು. ಪಕ್ಕೆಲುಬು ಎರಡು, ಭುಜದ ಮೂಳೆ ಒಂದು ಮುರಿದಿವೆ.

ನಾನು ಅತ್ತಿಗೆಯನ್ನು ಎತ್ತುತ್ತಿರುವಾಗಲೇ ಮೀಸೆ ಬೂದಿಯ ಮುಖಕ್ಕೆ ಚಾವಟಿಯಲ್ಲಿ ಬಾರಿಸಿದ. ಮೂರು ಏಟು. ಕಟ್ಟಿಹಾಕಿದ ಪ್ರಾಣಿಗೆ! ಅವನ ಕೈ ಕಚ್ಚಿಬಿಡಬೇಕು ಅನ್ನಿಸಿತು.

ಅಣ್ಣ ಈಗ ಕಾರಿಡಾರಿನಲ್ಲಿ ಓಡಾಡುತ್ತಿದ್ದಾನೆ. ಒಂದೇ ಮಾತು ಆಡಿದ್ದು: "ಆ ಕುದುರೆ ನನ್ನ ಗೇಟೊಳಗೆ ಇರಕೂಡದು."

ಸೆಪ್ಟೆಂಬರ್ 24, ಮಂಗಳವಾರ

ಮುಂದಿನ ತಿಂಗಳು ಐದಕ್ಕೆ, ಶನಿವಾರ ಬೆಳಗ್ಗೆ ವ್ಯಾನ್. ಅಣ್ಣ ಫೋನಿನಲ್ಲಿ ಹೇಳುವುದು ಕೇಳಿಸಿತು. ಆ ವ್ಯಾನ್ ಹತ್ತಿದ ಕುದುರೆ ಇನ್ನೊಂದು ಲಾಯಕ್ಕೆ ಹೋಗುವುದಿಲ್ಲ. ಅದು ಎಲ್ಲಿಗೆ ಹೋಗುತ್ತದೆಂದು ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತು. ಅವನಿಗೂ.

ಜಗಳ ಆಡಿದೆ. ಗಂಟಲು ಹೋಗಿದೆ.

ಅಕ್ಟೋಬರ್ 2, ಬುಧವಾರ

ಸಿಕ್ಕಿತು. ಸಿಕ್ಕಿಬಿಟ್ಟಿತು!

ಬೆಳಗ್ಗೆ ಬೂದಿಯ ಮುಂದೆ ಒರೆಸುವ ಬಟ್ಟೆ ಒದರಿದೆ. ಎಡಗಣ್ಣು ಮಿಟುಕಿತು. ಬಲಗಡೆ ಹೋಗಿ ಒದರಿದೆ. ಏನೂ ಇಲ್ಲ. ಇನ್ನೊಮ್ಮೆ. ಇಲ್ಲ. ಬಲಗಣ್ಣು ಪೂರ್ತಿ ಹೋಗಿದೆ. ಹಾಲು ಬಿದ್ದ ನೀರಿನ ಹಾಗಿದೆ ಒಳಗೆ.

ನೇರ ಮೈದಾನಕ್ಕೆ ಹೋದೆ. ಮೀಸೆ ಪಾಠ ಮಾಡುತ್ತಿದ್ದ. ಕಲಿಯಲು ಬಂದವರು, ಅಣ್ಣ, ಎಲ್ಲರ ಎದುರೇ ಕೂಗಿದೆ: "ಚಾವಟಿಯಲ್ಲಿ ಹೊಡೆದು ಕಣ್ಣು ತೆಗೆದಿದೀಯಲ್ಲೋ! ಮನುಷ್ಯನಾ ನೀನು?"

ಅವನ ಮುಖ ಬಿಳಿಚಿತು. "ಹೊಡೆದಿದ್ದು ಹೌದು ಅಕ್ಕ. ತಪ್ಪು. ಆದ್ರೆ ನಾನು ನಿಂತಿದ್ದು ಗಾಡಿ ಮುಂದೆ, ಎಡಗಡೆ. ಏಟು ಬಿದ್ದಿದ್ದೂ ಎಡಗೆನ್ನೆಗೆ."

"ಬಾಯಿ ಮುಚ್ಚು."

ಸಂಜೆಗೆ ಅವನ ಪೆಟ್ಟಿಗೆ ಗೇಟಿನ ಹತ್ತಿರ. ಅಣ್ಣನೇ ಕಳಿಸಿದ. ಹೋಗುವಾಗ ಮೀಸೆ ನನ್ನ ಕಡೆ ನೋಡಲಿಲ್ಲ. ನೋಡದಿರಲಿ. ಎಷ್ಟು ದಿನದ ಮೇಲೆ ಹೊಟ್ಟೆ ತಣ್ಣಗಾಯಿತು.

ಅಕ್ಟೋಬರ್ 3, ಗುರುವಾರ

ಕುದುರೆ ಡಾಕ್ಟರ್ ಬಂದರು. ಟಾರ್ಚ್ ಬಿಟ್ಟು ನೋಡಿದರು. "ಕಣ್ಣು ಹೋಗಿದೆಯಮ್ಮ. ಹತ್ತು ದಿನದ್ದೋ ತಿಂಗಳದ್ದೋ ಈಗ ಹೇಳೋಕಾಗಲ್ಲ."

ಅಣ್ಣನಿಗೆ ಹೇಳಿದೆ: "ನೋಡು, ಕುರುಡು ಕುದುರೆನ ವ್ಯಾನ್ ಹತ್ತಿಸ್ತೀಯಾ?"

ಅವನು ಎಂದೂ ಇಲ್ಲದಷ್ಟು ನಿಧಾನವಾಗಿ ಮಾತಾಡಿದ. "ಕಣ್ಣು ಕಾಣದೆ ಬೆದರಿ ಒದ್ದಿದ್ರೆ ಬೇರೆ ಮಾತು ಕಣೇ. ಇಲ್ಲೇ ಇಟ್ಕೋತಿದ್ದೆ. ಅಪ್ಪ ಒಂದು ಕುರುಡು ಕುದುರೆನ ಸಾಯೋವರೆಗೂ ಸಾಕಿರ್ಲಿಲ್ವಾ? ಆದ್ರೆ ಚಾವಟಿ ಏಟಿಗೆ ಕಣ್ಣು ಹೋಯ್ತು ಅಂತ ನೀನೇ ಊರಿಗೆಲ್ಲ ಕೇಳೋ ಹಾಗೆ ಕೂಗಿದೀಯ. ಏಟು ಬಿದ್ದಿದ್ದು ಒದ್ದ ಮೇಲೆ. ಅಂದ್ರೆ ಒದ್ದಾಗ ಕಣ್ಣು ಕಾಣ್ತಿತ್ತು. ಕಂಡೂ ಒದ್ದಿದೆ."

"ಮೊದಲೇ ಹೋಗಿದ್ರೆ?"

"ಮೊದಲೇ ಹೋಗಿದ್ರೆ ನಿನಗೆ ಗೊತ್ತಾಗ್ದೆ ಇರ್ತಿತ್ತಾ? ಕುದುರೆ ಕೆಮ್ಮಿದ್ರೆ ನಿದ್ದೆಯಿಂದ ಏಳೋಳು ನೀನು."

ಮೂವತ್ತು ವರ್ಷದಲ್ಲಿ ಮೊದಲ ಸಲ ನನ್ನ ಕೆಲಸವನ್ನು ಹೊಗಳಿದ. ಅದೂ ಬೂದಿಯ ಕುತ್ತಿಗೆಗೆ ಉರುಳಾಗುವ ಹಾಗೆ.

ಅಕ್ಟೋಬರ್ 4, ಶುಕ್ರವಾರ. ಬೆಳಗ್ಗೆ 11

ಮೀಸೆ ಮಾಡಿದ ಅನ್ಯಾಯಗಳನ್ನೆಲ್ಲ ತಾರೀಕು ಹಾಕಿ ಪಟ್ಟಿ ಮಾಡೋಣ, ಅಣ್ಣನ ಮುಂದೆ ಹಿಡಿಯೋಣ ಎಂದು ಈ ಪುಸ್ತಕ ಹಿಂದಕ್ಕೆ ತಿರುವಿದೆ.

ಸೆಪ್ಟೆಂಬರ್ 3. "ಬಲಗಣ್ಣಲ್ಲಿ ನೀರು, ತೆಳ್ಳಗೆ ಪೊರೆ ಹಾಗೆ. ನೊಣ ಇರಬೇಕು. ನಾಳೆ ನೋಡಬೇಕು."

ನನ್ನದೇ ಅಕ್ಷರ. ಮೀಸೆ ಬರುವುದಕ್ಕೆ ಆರು ದಿನ ಮೊದಲು.

ಸೆಪ್ಟೆಂಬರ್ 9. ಗೇಟಿಗೆ ಬಲಭುಜ. ಗೇಟಿನ ಕೀಲಂತೆ! ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ನಾಳೆ ನೋಡಲಿಲ್ಲ. ನಾಡಿದ್ದೂ ನೋಡಲಿಲ್ಲ. ಹತ್ತೊಂಬತ್ತು ದಿನ, ದಿನಕ್ಕೆ ಎರಡು ಸಲ, ಎಡಗಡೆಯಿಂದ ಹೋದೆ, ಎಡಗಡೆಯಿಂದ ಬಂದೆ. ಬಲಗಡೆಯ ಗೊರಸು ಹಿಡಿದಾಗಲೂ ತಲೆ ನೆಲಕ್ಕೆ. ಊರಿಗೆಲ್ಲ ಕುದುರೆಯ ಕಿವಿ ಓದು, ಬಾಲ ಓದು ಎಂದು ಪಾಠ ಹೇಳಿದ ದೊಡ್ಡ ಮನುಷ್ಯಳು! ಅತ್ತಿಗೆಯನ್ನು ಆ ಕತ್ತಲೆಯ ಕಡೆಗೆ ಕಳಿಸಿದ್ದು ಈ ಬಾಯಿ. ಮೀಸೆಯ ಮೇಲೆ ಗೂಬೆ ಕೂರಿಸಿದ್ದೂ ಇದೇ ಬಾಯಿ. ಅವನು ಎಡಗೆನ್ನೆ ಎಂದಾಗಲೇ ತಿಳಿಯಬೇಕಿತ್ತು. ಈ ಲಾಯದಲ್ಲಿ ಬಲಗಡೆ ಯಾರು ನಿಲ್ಲುತ್ತಾರೆ?

ಸಂಜೆ 5

ಅತ್ತಿಗೆಯನ್ನು ನೋಡಿ ಬಂದೆ. ದಿಂಬಿಗೆ ಒರಗಿ ಕೂತಿದ್ದಾರೆ, ಕೈ ಕುತ್ತಿಗೆಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿ. ಹೇಳಬೇಕೆಂದೇ ಹೋದದ್ದು. ಬಾಯಿ ತೆರೆಯುವ ಮೊದಲೇ ಅಂದರು: "ಮುಖ ಯಾಕೆ ಹಾಗ್ ಮಾಡ್ಕೊಂಡಿದೀಯ? ನಿನ್ನ ತಪ್ಪಂತೂ ಅಲ್ವೇ ಅಲ್ಲ ಬಿಡು."

ಹೇಳಲಿಲ್ಲ. ಹೇಡಿ.

ಬಂದು ಲಾಯದಲ್ಲಿ ಸೆಪ್ಟೆಂಬರ್ ಮೂರರ ಪುಟದ ಮೂಲೆ ಹಿಡಿದೆ. ಒಂದು ಎಳೆತ. ಹರಿದರೆ ಯಾರಿಗೂ ತಿಳಿಯುವುದಿಲ್ಲ. ಅಣ್ಣನ ಪಾಲಿಗೆ ನಾನು ಎಲ್ಲ ಬಲ್ಲವಳಾಗಿ ಉಳಿಯುತ್ತೇನೆ. ಬೂದಿ ಮಾತ್ರ ಉಳಿಯುವುದಿಲ್ಲ.

ಪುಸ್ತಕ ಮುಚ್ಚಿಟ್ಟು ಬೂದಿಯ ಬಲಗಡೆಗೆ ಹೋದೆ. ಹತ್ತು ಹೆಜ್ಜೆ ದೂರದಿಂದಲೇ ಮಾತಾಡುತ್ತ. "ಬೂದೀ, ನಾನೇ ಕಣೇ. ಬಲಗಡೆಯಿಂದ ಬರ್ತಿದೀನಿ." ಬಲಕಿವಿ ನನ್ನ ಕಡೆ ತಿರುಗಿತು. ನಿಂತೆ. ಮತ್ತೆ ಮಾತು, ಮತ್ತೆ ಎರಡು ಹೆಜ್ಜೆ. ಭುಜದ ಮೇಲೆ ಕೈ ಇಟ್ಟೆ. ಮೈ ಒಮ್ಮೆ ನಡುಗಿತು. ಕೈ ತೆಗೆದೆ. ಮತ್ತೆ ಇಟ್ಟೆ. ನಾಲ್ಕನೇ ಸಲಕ್ಕೆ ತಲೆ ತಗ್ಗಿಸಿ ಬಾಯಿ ಚಪ್ಪರಿಸಿದಳು, ಉದ್ದಕ್ಕೆ ಉಸಿರು ಬಿಟ್ಟಳು.

ಹತ್ತು ನಿಮಿಷದ ಕೆಲಸ. ಇಷ್ಟೇ ಬೇಕಿತ್ತು. ಅತ್ತುಬಿಟ್ಟೆ. ದುಃಖಕ್ಕಲ್ಲ, ನನ್ನ ಮೇಲಿನ ಸಿಟ್ಟಿಗೆ.

ಅಕ್ಟೋಬರ್ 5, ಶನಿವಾರ. ಬೆಳಗ್ಗೆ 6.40

ವ್ಯಾನ್ ಬೇಗ ಬಂದಿದೆ. ಹಿಂದಿನ ಹಲಗೆ ಇಳಿಸಿದ ಸದ್ದು. ಅಣ್ಣ ಆಫೀಸಿನಲ್ಲಿ, ಬಾಗಿಲು ಹಾಕಿಕೊಂಡು. ನೋಡುವ ಧೈರ್ಯ ಅವನಿಗೂ ಇಲ್ಲ.

ಬಾಯಲ್ಲಿ ಹೇಳಿದರೆ ನಂಬುವುದಿಲ್ಲ. ಕುದುರೆ ಉಳಿಸಲು ಸುಳ್ಳು ಹೇಳುತ್ತಿದ್ದಾಳೆ ಎನ್ನುತ್ತಾನೆ. ಈ ಪುಸ್ತಕವನ್ನೇ ಕೊಡಬೇಕು. ಪೂರ್ತಿ. ಇಸ್ತ್ರಿ ಶರ್ಟು, ಕಾಲುನೋವು ಎಲ್ಲ ಓದಲಿ. ಅತ್ತಿಗೆಯೂ ಓದಲಿ. ಆಮೇಲೆ ಲಾಯದ ಬೀಗದ ಕೈ ಕೇಳಿದರೆ ಕೊಟ್ಟು ಹೋಗುತ್ತೇನೆ. ಮೀಸೆಯ ಮನೆ ಹುಡುಕಿಕೊಂಡು ಹೋಗುವುದೂ ಇದೆ. ಸೆಪ್ಟೆಂಬರ್ ಮೂರರ ಪುಟದ ಮೂಲೆ ಮಡಚಿದ್ದೇನೆ, ಬೇಗ ಸಿಗಲಿ ಎಂದು.

ಕಿಟಕಿಯಿಂದ ಬೂದಿ ಕಾಣುತ್ತಿದ್ದಾಳೆ, ಅದೇ ಕಂಬಕ್ಕೆ ಕಟ್ಟಿದ್ದಾರೆ. ವ್ಯಾನಿನವನು ಹಗ್ಗ ಹಿಡಿದು ಅವಳ ಕಡೆ ಹೊರಟ. ಒಂದು ಮಾತಿಲ್ಲ, ಒಂದು ಕೆಮ್ಮಿಲ್ಲ. ಎಡಗಡೆ ಗಾಡಿ ಇನ್ನೂ ಅಲ್ಲೇ ಇದೆ — ಅಯ್ಯೋ, ಅವನು ಬಲಗಡೆಯಿಂದ