ಹೊಸ್ತಿಲ ಕಲ್ಲಿನ ಕೊಂಬು

ಕೂಪರ್ಸ್ ಲ್ಯಾಂಡಿಂಗ್, ವರ್ಜೀನಿಯಾ
28 ಅಕ್ಟೋಬರ್ 1974, ಸೋಮವಾರ

ಪ್ರೀತಿಯ ತಮ್ಮಾ ಥರ್ಮನ್,

ನಿನ್ನ ಸೊಂಟ ಹೇಗಿದೆ? ವಿಲ್ಮಾಳ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ? ಒಣಗಿಸಿದ ಸೇಬು ಕಳಿಸಿ ತಿಂಗಳಾಯಿತು, ತಲುಪಿತು ಅಂತ ಒಂದು ಸಾಲು ಗೀಚುವುದಕ್ಕೂ ಗಂಡ ಹೆಂಡತಿಗೆ ಪುರುಸೊತ್ತಿಲ್ಲವೇ? ನನ್ನ ಮಂಡಿ ಹಾಗೇ ಇದೆ. ರಕ್ತದೊತ್ತಡ ಇಳಿದಿತ್ತು, ಮೊನ್ನೆ ಶನಿವಾರ ಮತ್ತೆ ಏರಿತು. ಯಾಕೆ ಏರಿತೆಂದು ಹೇಳುವುದಕ್ಕೇ ಈ ಕಾಗದ.

ಶನಿವಾರ ನಮ್ಮ ಹಳೆಯ ಲಾಕ್ ಹತ್ತಿರ, ನೀರು ಏರಿಸಿ ಇಳಿಸಿ ದೋಣಿ ದಾಟಿಸುತ್ತಿದ್ದ ಆ ಕಲ್ಲಿನ ಕಟ್ಟೆಯ ಬಳಿ, ಕಬ್ಬಿಣದ ಫಲಕ ನಿಲ್ಲಿಸಿದರು. ಕಾಲುವೆಯುದ್ದಕ್ಕೂ ನಿಲ್ಲಿಸುತ್ತಿದ್ದಾರಲ್ಲ, ಇತಿಹಾಸ ಸಮಿತಿಯವರು, ಅದರಲ್ಲಿ ಇದು ಆರನೆಯದು. ಬ್ಯಾಂಡಿನವರು ಬಂದಿದ್ದರು. ಬಟ್ಟೆ ಸರಿಸಿದ ಮೇಲೆ ಓದಿದೆ: ‘ಮಹಾನೆರೆಯಲ್ಲಿ ಕರ್ನಲ್ ಟಾಲ್ಬರ್ಟರ ದೋಣಿ ಇಲ್ಲಿ ಹನ್ನೊಂದು ಜೀವಗಳನ್ನು ಉಳಿಸಿತು.’ ದೋಣಿ ಉಳಿಸಿತಂತೆ. ತಾನೇ ಚುಕ್ಕಾಣಿ ಹಿಡಿದು, ತಾನೇ ಕೊಂಬು ಊದಿಕೊಂಡು, ಒಡೆದ ಲಾಕಿನೊಳಗೆ ತಾನೇ ನುಗ್ಗಿ ಬಂತು ಅಂತ ಕಾಣುತ್ತದೆ. ಕರ್ನಲ್ ಅವತ್ತು ಗುಡ್ಡದ ಮೇಲಿನ ಮನೆಯಲ್ಲಿ ಕಾಲು ಒದ್ದೆಯಾಗದಂತೆ ಕೂತಿದ್ದ. ದೋಣಿಯ ಮುಂದಾಳು ನಮ್ಮಜ್ಜ ಆಬ್ನರ್ ಪೆಟಸ್. ಅವನ ಹೆಸರು ಅದರಲ್ಲಿ ಎಲ್ಲೂ ಇಲ್ಲ. ನಾನು ಚರ್ಚಿನ ಟೋಪಿ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟಿದೆ. ಎಲ್ಲರೂ ತಟ್ಟಿದರು ಅಂತ ನಾನೂ ತಟ್ಟಿದೆ. ಆ ಕೈಗಳ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಹೆಸರು ಸೇರಬೇಕಿತ್ತು, ಥರ್ಮನ್. ಸೇರುವಂತೆಯೇ ಇತ್ತು. ಅಪ್ಪ ಹೇಳುತ್ತಿದ್ದದ್ದು ನೆನಪಿದೆ ತಾನೆ? ಆ ದೋಣಿಯವರು ಗುಲಾಮಗಿರಿಯಲ್ಲಿ, ಅಕ್ಷರ ಕಲಿಯಗೊಡದೆ ಬೆಳೆಸಿದ ಜನ. ಕೆಟ್ಟ ನೀರಿನಲ್ಲಿ ದೋಣಿ ಒಡೆಯದೆ ದಾಟಿಸಿದ ಮುಂದಾಳು ಲಾಕಿನ ಅಂಚುಗಲ್ಲಿನ ಮೇಲೆ ತನ್ನ ಗುರುತು ಕೊರೆಯುತ್ತಿದ್ದ. ಅಜ್ಜನ ಗುರುತು ಅವನು ದೋಣಿಯಲ್ಲಿ ಊದುತ್ತಿದ್ದ ಕೊಂಬು, ಆ ನೆರೆಯಾದ ಮೇಲೆ ಅದರ ಕೆಳಗೆ ಹನ್ನೊಂದು ಗೀರು. ರೈಲಿನವರು ಕಾಲುವೆಯ ಕಲ್ಲು ಕೀಳತೊಡಗಿದಾಗ ಅಜ್ಜ ಅದೊಂದನ್ನು ಹೇಸರಗತ್ತೆ ಕಟ್ಟಿ ಎಳೆತಂದು ನಮ್ಮ ಬಾಗಿಲಿಗೆ ಹೊಸ್ತಿಲಾಗಿ ಹಾಕಿದ. ‘ದಾಟ್ಕೊಂಡು ಬಾರೋ, ತುಳೀಬ್ಯಾಡ, ನಿಮ್ಮಜ್ಜನ ಹೆಸರದು’ ಅಂತ ಅಪ್ಪ ನಿನಗೆ ಎಷ್ಟು ಸಲ ಬೈದಿಲ್ಲ!

ಆಗಸ್ಟಿನಲ್ಲಿ ನೀನು ಬಂದಿದ್ದಾಗ, ದೋಣಿ ಎಳೆಯುವ ಹಗ್ಗ ಉಜ್ಜಿ ಕಲ್ಲಿನಲ್ಲಿ ಸವೆಸಿದ ಆ ತಗ್ಗಿಗೆ ಎಡವಿ ಪಾಸ್ಟರ್ ಬಿದ್ದರಲ್ಲ, ಕೈಯಲ್ಲಿದ್ದ ಸಿಹಿಗೆಣಸಿನ ಪೈ ಸಮೇತ. ‘ಸುಮ್ನಿರಕ್ಕ, ಕನ್ನಡಿ ಥರ ಮಾಡ್ಕೊಡ್ತೀನಿ’ ಅಂದೆ. ಸಿಮೆಂಟು ಕಲಸಿ, ಕಲ್ಲಿನ ಮೇಲೆಲ್ಲ ಕರಣೆಯಲ್ಲಿ ಸವರಿ, ನಿಮ್ಮ ಮೇಸ್ತ್ರಿಗಳ ಚಾಳಿಯಂತೆ ಹಸಿಯಿರುವಾಗಲೇ ಮೊಳೆಯಿಂದ ಗೀರಿದೆ: ಟಿ. ಪೆಟಸ್, ಮೇಸ್ತ್ರಿ, ಆಗಸ್ಟ್ 1974. ಆ ಕಲ್ಲು ಏನೆಂದು ನಿನಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಆ ಹೊತ್ತಿನಲ್ಲಿ ಇಬ್ಬರ ತಲೆಯಲ್ಲೂ ಇದ್ದದ್ದು ಪಾಸ್ಟರ್ ಬಿದ್ದದ್ದು ಮಾತ್ರ. ನಿನ್ನನ್ನು ಬೈಯಬೇಕೆಂದು ಕಾಗದ ತೆಗೆದೆ, ಆದರೆ ಪಕ್ಕದಲ್ಲಿ ನಿಂತು ನಿಂಬೆ ಪಾನಕ ಕೊಟ್ಟವಳು ನಾನೇ.

ಸೆಪ್ಟೆಂಬರಿನಲ್ಲಿ ಸಮಿತಿಯ ಮಿಸೆಸ್ ವಿಟ್ಲಾಕ್ ಬಂದಳು. ನನ್ನ ಮಗಳ ವಯಸ್ಸು, ನಾನು ಅವಳನ್ನು ಮಿಸೆಸ್ ಅನ್ನಬೇಕು, ಅವಳು ನನ್ನನ್ನು ಇಡೆಲಾ ಅನ್ನುತ್ತಾಳೆ. ಫಲಕದಲ್ಲಿ ಅಜ್ಜನ ಹೆಸರು ಹಾಕಿ ಎಂದೆ. ‘ಬಾಯಿಮಾತು ನಾವು ತಗೊಳಲ್ಲ ಇಡೆಲಾ, ಆ ಕಾಲದ್ದು ಏನಾದ್ರೂ ಇದ್ಯಾ?’ ಎಂದಳು. ಹೊಸ್ತಿಲು ತೋರಿಸಿದೆ. ಬಗ್ಗಿ ನಿನ್ನ ಹೆಸರು ಓದಿ ಎದ್ದುನಿಂತಳು, ಅಷ್ಟೆ. ಅವಳ ಕಾರು ತಿರುವಿನಲ್ಲಿ ಮರೆಯಾಗುವ ಮುಂಚೆ ನಾನು ಅಪ್ಪನ ಹಾರೆ ತಂದಿದ್ದೆ. ನಿನ್ನ ಕೆಲಸ ಗಟ್ಟಿ ಕಣೋ, ಹಾಳಾದ್ದು ಇಡಿಯಾಗಿಯೇ ಎದ್ದಿತು. ಎದ್ದಾಗ ಹಳೆಯ ಕಲ್ಲಿನ ಮೈಯನ್ನೂ ಪುಡಿಮಾಡಿಕೊಂಡು ಬಂತು. ಕಲ್ಲಿನ ಮೇಲೆ ಏನೂ ಉಳಿಯಲಿಲ್ಲ. ಆದರೆ ಸಿಮೆಂಟಿನ ಅಡಿಮೈ ತಿರುವಿ ನೋಡುತ್ತೇನೆ, ಅಜ್ಜನ ಕೊಂಬು ಎದ್ದುನಿಂತಿದೆ, ಅಚ್ಚಿನಿಂದ ತೆಗೆದ ಬೆಣ್ಣೆಯ ಹಾಗೆ. ಹನ್ನೊಂದು ಗೀರೂ ಇವೆ, ಎರಡು ಸಲ ಎಣಿಸಿದೆ. ಅಲ್ಲೇ ನೆಲದ ಮೇಲೆ ಕೂತು ಅತ್ತೆ.

ಪಕ್ಕದ ಮನೆಯ ಹೋರೇಸನ ಪಿಕಪ್ಪಿನಲ್ಲಿ ಹಾಕಿಕೊಂಡು ಅವಳ ಮನೆಗೇ ಒಯ್ದೆ. ಕೊಂಬು ನೋಡಿದಳು, ಇನ್ನೊಂದು ಮಗ್ಗುಲು ತಿರುವಿಸಿ ನಿನ್ನ ಹೆಸರನ್ನೂ ತಾರೀಖನ್ನೂ ನೋಡಿದಳು. ‘ನಿನ್ನ ತಮ್ಮನ ಕೈಕೆಲಸ ಚೆನ್ನಾಗಿದೆ ಇಡೆಲಾ. ಆದ್ರೆ ಇದು ಈ ಆಗಸ್ಟಿಂದಲ್ವಾ?’ ಎಂದು ನಕ್ಕಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ನಾವಿಬ್ಬರೂ ಸೇರಿ ಅಜ್ಜನನ್ನು ಸಿಮೆಂಟಿನಲ್ಲಿ ಹುಟ್ಟಿಸಿದೆವು ಎಂದು ಅವಳ ಎಣಿಕೆ. ನಾನು ಹೇಳಿದ್ದು ಕಿವಿಗೇ ಹಾಕಿಕೊಳ್ಳಲಿಲ್ಲ, ಫಲಕ ಆಗಲೇ ಎರಕಕ್ಕೆ ಹೋಗಿದೆ ಎಂದು ಬಾಗಿಲು ಹಾಕಿಕೊಂಡಳು.

ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಬರೆಯಬೇಕು, ಬರೆಯುವುದಿಲ್ಲ. ಸ್ವಲ್ಪ ಹಚ್ಚಿಕೋ. ನಾನೊಬ್ಬಳೇ ಎಷ್ಟು ಹೊರಲಿ? ವಿಲ್ಮಾ ಸಿಹಿ ಮುಟ್ಟದಂತೆ ನೋಡಿಕೋ, ನೀನು ಭಾರದ ಮೂಟೆ ಎತ್ತಬೇಡ. ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಇಡೆಲಾ

ಮರೆತೆ: ನಿನ್ನೆ ಪ್ರಾರ್ಥನೆ ಮುಗಿದ ಮೇಲೆ ಹೋರೇಸನೂ ನಾನೂ ಆ ಸಿಮೆಂಟು ಹಲಗೆಯನ್ನು ಫಲಕದ ಬುಡದಲ್ಲಿ ನಿಲ್ಲಿಸಿ ಬಂದೆವು, ಕೊಂಬು ರಸ್ತೆಗೆ ಕಾಣುವಂತೆ. ಬರೀ ಮಣ್ಣಿನಲ್ಲಿ ಊರಿದೆ, ಯಾರು ಬೇಕಾದರೂ ಕಿತ್ತೆಸೆಯಬಹುದು. ಮುಂದಿನ ತಿಂಗಳು ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಬರುವಾಗ ಎರಡು ಮೂಟೆ ಸಿಮೆಂಟು ತಾ, ಹೋರೇಸ ಇಳಿಸಿಕೊಳ್ಳುತ್ತಾನೆ. ಅದರ ಸುತ್ತ ಗಟ್ಟಿಯಾಗಿ ಕಟ್ಟೆ ಹಾಕು. ಈ ಸಲ ನಿನ್ನ ಹೆಸರು ಗೀರಬೇಡ. ಸಿಮೆಂಟು ಹಸಿಯಿರುವಾಗ ಮೊಳೆ ನನ್ನ ಕೈಗೆ ಕೊಡು, ಆಬ್ನರ್ ಪೆಟಸ್ ಎಂದು ನಾನು ಬರೆಯುತ್ತೇನೆ.